ಸ್ಯಾನ್ ಪೆಡ್ರೋ ದಂಡೆಯ ಕಾಡಿಗೆ ವಯಸ್ಸೆಷ್ಟು?



ನಾನು ಬಳ್ಳಾರಿ ಸೀಮೆಯ ಒಂದು ಹಳ್ಳದ ದಂಡೆಯಲ್ಲಿ ಬೆಳೆದವನು. ನಮ್ಮ ಕಡೆ ‘ಹಳ್ಳ ಬಂತು’ ಎನ್ನುತ್ತಾರೆ. ಹೊಳೆ ಇರುತ್ತದೆ, ಹಳ್ಳ ಬರುತ್ತದೆ. ಮೇಲೆಲ್ಲೋ ಮಳೆಯಾಗಿ ಕೆಂಪು ನೀರು ಸದ್ದು ಮಾಡುತ್ತ ಬಂದು, ಮೂರು ದಿನಕ್ಕೆ ಇಳಿದುಹೋಗುತ್ತದೆ. ಉಳಿದ ದಿನಗಳಲ್ಲಿ ಉಸುಕು ತೋಡಿ ಒರತೆಯ ನೀರು ತುಂಬಿಕೊಳ್ಳಬೇಕು. ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ ಅಮೆರಿಕದ ಅರಿಜೋನಾದಲ್ಲಿರುವ ಮಗಳ ಮನೆಗೆ ಎರಡು ಸಲ ಹೋಗಿಬಂದೆ. ಅಲ್ಲಿ ನಾನು ಕಂಡ ಸ್ಯಾನ್ ಪೆಡ್ರೋ ಇಂಥದ್ದೇ. ನಕ್ಷೆಯಲ್ಲಿ ಅದಕ್ಕೆ ನದಿ ಎಂಬ ಹೆಸರಿದೆ. ಆದರೆ ಬೇಸಿಗೆಯಲ್ಲಿ ಬಹಳ ಕಡೆ ಪಾದ ಮುಳುಗುವಷ್ಟು ನೀರಿದ್ದರೆ ಹೆಚ್ಚು. ನಮ್ಮೂರಿನವರು ಕಂಡರೆ ಅದನ್ನು ಹಳ್ಳವೆಂದೇ ಕರೆದಾರು. ನಾನೂ ಇವತ್ತು ಹಾಗೇ ಕರೆಯುತ್ತೇನೆ.

ಮೆಕ್ಸಿಕೋದ ಸೊನೋರಾ ರಾಜ್ಯದಲ್ಲಿ, ಕನನೇಯಾದ ತಾಮ್ರದ ಗಣಿಗಳ ಸಮೀಪ ಈ ಹಳ್ಳ ಹುಟ್ಟುತ್ತದೆ. ಗಡಿ ದಾಟಿ, ಉತ್ತರಕ್ಕೆ ಹರಿದು, ಒಟ್ಟು 230 ಕಿ.ಮೀ. ಆಸುಪಾಸಿನ ದಾರಿ ಕ್ರಮಿಸಿ, ವಿಂಕಲ್‌ಮನ್ ಎಂಬ ಊರಿನ ಬಳಿ ಹೀಲಾ ನದಿಯನ್ನು ಸೇರುತ್ತದೆ. ಕಣಿವೆಯಲ್ಲಿ ವರ್ಷಕ್ಕೆ ಬೀಳುವ ಮಳೆ 350 ಮಿ.ಮೀ. ಹತ್ತಿರ. ಅದರಲ್ಲಿ ದೊಡ್ಡ ಪಾಲು ಜುಲೈ, ಆಗಸ್ಟ್‌ಗಳಲ್ಲಿ ಗುಡುಗಿನೊಡನೆ ಸುರಿಯುತ್ತದೆ. ಆ ಮಳೆಯನ್ನು ಅವರು ಕರೆಯುವುದೂ ಮಾನ್ಸೂನ್ ಎಂದೇ. ಎರಡೂ ಬದಿಯಲ್ಲಿ ಮೊಣಕಾಲೆತ್ತರದ ಕುರುಚಲು, ಮುಳ್ಳು, ಕಲ್ಲು. ನಡುವೆ, ದಾರಿ ತಪ್ಪಿ ಬಂದಂತೆ, ಹಸಿರಿನ ಒಂದು ಪಟ್ಟಿ. ಆ ಪಟ್ಟಿಯ ದೊಡ್ಡ ಮರದ ಹೆಸರು ಕಾಟನ್‌ವುಡ್. ಪಾಪ್ಲರ್ ಜಾತಿಯದು, ಎಲೆ ನೋಡಿದರೆ ಅರಳಿ ನೆನಪಾಗುತ್ತದೆ, ಗಾಳಿ ಇಲ್ಲದಾಗಲೂ ಅರಳಿಯ ಹಾಗೆಯೇ ನಡುಗುತ್ತದೆ. ಬೀಜಕ್ಕೆ ಎಕ್ಕದ ಬೀಜದಂತೆ ಹತ್ತಿಯ ರೆಕ್ಕೆ. ಜೊತೆಗೆ ವಿಲ್ಲೋ, ಇದರ ಬಳಗದ ಒಂದು ಮರ ನಮ್ಮ ಮಲೆನಾಡಿನ ಹೊಳೆದಂಡೆಗಳಲ್ಲೂ ಇದೆ. ಇವೆರಡರ ಹಿಂದೆ, ತುಸು ಎತ್ತರದ ನೆಲದಲ್ಲಿ, ಮೆಸ್ಕೀಟ್ ಎಂಬ ಮುಳ್ಳುಮರದ ತೋಪು. ಮೆಸ್ಕೀಟ್‌ನ ಬಗ್ಗೆ ನನಗೆ ಹೇಳುವುದು ಬಹಳವಿದೆ, ಕೊಂಚ ತಡೆದು ಹೇಳುತ್ತೇನೆ.

ಮೊದಲ ಸಲ ಹೋದದ್ದು ನವೆಂಬರಿನಲ್ಲಿ. ಕಾಟನ್‌ವುಡ್ ಎಲೆಗಳು ಅರಿಸಿನವಾಗಿ ಉದುರುತ್ತಿದ್ದವು. ಸಿಯೆರಾ ವಿಸ್ಟಾ ಊರಿನ ಪೂರ್ವಕ್ಕೆ ಹಳ್ಳದ ದಂಡೆಯಲ್ಲಿ ದನ ಸಾಕುತ್ತಿದ್ದವರ ಒಂದು ಹಳೆಯ ಮನೆಯಿದೆ, ಅದರ ಅಂಗಳದಲ್ಲಿ ನಾಲ್ಕು ಜನ ತಬ್ಬಿದರೂ ಸಾಲದ ಒಂದು ಕಾಟನ್‌ವುಡ್. ಅದರ ಕೆಳಗೆ ನಿಂತು ಮಗಳಿಗೆ ಹೇಳಿದೆ: ಇದು ಆದಿಕಾಲದ ಕಾಡು, ಮನುಷ್ಯ ಬರುವ ಮುಂಚೆ ಹೀಗೇ ಇದ್ದಿರಬೇಕು. ಪಾಠ ಮಾಡಿದವನ ಬಾಯಿಂದ ಬಂದ ಆ ಮಾತು ತಪ್ಪಾಗಿತ್ತು. ಆ ತಪ್ಪು ನನಗೆ ಹೇಗೆ ಗೊತ್ತಾಯಿತೆಂಬುದೇ ಈ ಉಪನ್ಯಾಸ.

ಮನೆಯಿಂದ ಹಳ್ಳದ ಪಾತ್ರಕ್ಕೆ ಇಳಿಯಬೇಕಾದರೆ ದಂಡೆಯ ಕಡಿದಾದ ಮಣ್ಣಿನ ಗೋಡೆಯನ್ನು ದಾಟಬೇಕು. ಕೆಲವು ಕಡೆ ಒಂದಾಳೆತ್ತರ, ಕೆಲವು ಕಡೆ ಹತ್ತು ಮೀಟರ್‌ವರೆಗೆ. ನಮ್ಮ ಕಡೆಯ ಕೊರಕಲುಗಳಿದ್ದ ಹಾಗೆ, ಚಾಕುವಿನಿಂದ ಸೀಳಿದಂತೆ ನೆಟ್ಟಗೆ. ಆ ಗೋಡೆಯ ಮೇಲ್ಭಾಗದಲ್ಲಿ ಅಲ್ಲಲ್ಲಿ ಕಪ್ಪು ಮಣ್ಣಿನ ಪದರ ಕಾಣುತ್ತದೆ. ಬೆರಳಲ್ಲಿ ಉಜ್ಜಿದರೆ ನುಣುಪು, ಕೆರೆಯಂಗಳದ ಮಣ್ಣಿನಂತೆ. ಮರಳುಗಾಡಿನಲ್ಲಿ ಕೆರೆಯ ಮಣ್ಣು ಎಲ್ಲಿಂದ ಬರಬೇಕು? ಅದು ಜೌಗಿನ ಮಣ್ಣು. ಸ್ಪ್ಯಾನಿಷ್ ಮಾತಿನಲ್ಲಿ ಸಿಯೆನೆಗಾ ಎನ್ನುತ್ತಾರೆ. ನಿಂತ ನೀರು, ಜೊಂಡು, ಹುಲ್ಲು ತುಂಬಿದ ಜೌಗುನೆಲ. ನೂರೈವತ್ತು ವರ್ಷದ ಹಿಂದೆ ಈ ಹಳ್ಳ ಬಹಳ ಕಡೆ ನೆಲಮಟ್ಟದಲ್ಲೇ, ಹುಲ್ಲಿನ ನಡುವೆ, ಮಡುವಿನಿಂದ ಮಡುವಿಗೆ ಸದ್ದಿಲ್ಲದೆ ಜಾರುತ್ತಿತ್ತು. ಮರಗಳೂ ಇದ್ದವು, ಅಲ್ಲಲ್ಲಿ ಗುಂಪಾಗಿ. ಆದರೆ ಇವತ್ತಿನಂತೆ ಉದ್ದಕ್ಕೂ ಒತ್ತೊತ್ತಾಗಿ ನಿಂತ ಕಾಡು ಅದಾಗಿರಲಿಲ್ಲ.

ಇದಕ್ಕೆ ಸಾಕ್ಷಿ ಹೇಳುವವರು ಯಾರ‍್ಯಾರೋ. 1820ರ ದಶಕದಲ್ಲಿ ತುಪ್ಪಳಕ್ಕಾಗಿ ಬಂದ ಬೇಟೆಗಾರ ಜೇಮ್ಸ್ ಒಹಾಯೊ ಪ್ಯಾಟಿಗೆ ಇಲ್ಲಿ ಎಷ್ಟು ಬೀವರ್‌ಗಳು ಸಿಕ್ಕವೆಂದರೆ, ಹಳ್ಳಕ್ಕೇ ಬೀವರ್ ನದಿ ಎಂದು ಹೆಸರು ಬಿತ್ತು. ಬೀವರ್ ಎಂದರೆ ಕೊಂಬೆ ಕಡಿದು ಒಡ್ಡು ಕಟ್ಟಿ ನೀರು ನಿಲ್ಲಿಸುವ, ಚಪ್ಪಟೆ ಬಾಲದ ದಂಶಕ. 1846ರ ಡಿಸೆಂಬರಿನಲ್ಲಿ ಈ ದಾರಿಯಾಗಿ ಸಾಗಿದ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಸೈನಿಕ ಪಡೆಯವರು ಕಾಡುಬಿದ್ದ ಹೋರಿಗಳ ಜೊತೆ ಹೊಡೆದಾಡಿದರು, ಹಳ್ಳದಲ್ಲಿ ದೊಡ್ಡ ಮೀನು ಹಿಡಿದು ತಿಂದರು. ನನಗೆ ಎಲ್ಲಕ್ಕಿಂತ ನಂಬಿಕೆ ಹುಟ್ಟಿಸಿದ ಸಾಕ್ಷಿ ಮಾತ್ರ ಚಳಿಜ್ವರದ್ದು. 1877ರಲ್ಲಿ ದಂಡೆಯ ಮೇಲೆ ಸೇಂಟ್ ಡೇವಿಡ್ ಎಂಬ ಊರು ಕಟ್ಟಿದ ಮಾರ್ಮನ್ ಕುಟುಂಬಗಳು ಮರುವರ್ಷವೇ ಮಲೇರಿಯಾದಿಂದ ಹಾಸಿಗೆ ಹಿಡಿದವು. ಕೆಳಗಡೆ ಕ್ಯಾಂಪ್ ಗ್ರಾಂಟ್‌ನಲ್ಲಿದ್ದ ಸಿಪಾಯಿಗಳಿಗೂ ಅದೇ ಕಾಯಿಲೆ. ಸೊಳ್ಳೆ ಸುಳ್ಳು ಹೇಳುವುದಿಲ್ಲ. ಎಲ್ಲಿ ಸೊಳ್ಳೆಯೋ ಅಲ್ಲಿ ನಿಂತ ನೀರು.

ಆಮೇಲೆ ಇಪ್ಪತ್ತೇ ವರ್ಷದಲ್ಲಿ ಹಳ್ಳ ನೆಲದೊಳಕ್ಕೆ ಇಳಿಯಿತು. ಹೇಗೆ ಎಂಬುದರ ಬಗ್ಗೆ ಇವತ್ತಿಗೂ ವಾದವಿದೆ. 1877ರಲ್ಲಿ ಟೂಂಬ್‌ಸ್ಟೋನ್ ಬಳಿ ಬೆಳ್ಳಿ ಸಿಕ್ಕಿತು. ಅದಿರು ಅರೆಯಲು ಹಳ್ಳದ ದಂಡೆಯಲ್ಲಿ ಚಾರ್ಲ್ಸ್‌ಟನ್ ಎಂಬ ಊರೆದ್ದಿತು; ಸುತ್ತಲಿನ ಬೆಟ್ಟಗಳ ಮರ ಸೌದೆಯಾಗಿ, ಗಣಿಯ ಆಧಾರಗಂಬವಾಗಿ ಇಳಿದುಬಂತು. 1880ರಲ್ಲಿ ರೈಲು ಬಂತು, ಅದರ ಬೆನ್ನಿಗೆ ದನದ ಹಿಂಡುಗಳು ಲಕ್ಷಗಟ್ಟಲೆ ಬಂದವು. 1887ರ ಮೇ 3ರಂದು ಸೊನೋರಾದಲ್ಲಿ 7.5ರ ಸುಮಾರಿನ ಭೂಕಂಪವಾಗಿ ಕೆಲವು ಒರತೆಗಳು ಬತ್ತಿದವು, ಕೆಲವು ಕಡೆ ಹೊಸದಾಗಿ ನೀರು ಚಿಮ್ಮಿತು. 1891ರಿಂದ 1893ರವರೆಗೆ ಬರ. ದಕ್ಷಿಣ ಅರಿಜೋನಾದ ಅರ್ಧಕ್ಕೂ ಹೆಚ್ಚು ದನ ಸತ್ತವೆಂದು ಅಂದಾಜು. ಸಾಯುವ ಮುಂಚೆ ಅವು ಬೇರು ಬಿಡದೆ ಹುಲ್ಲು ಮೇಯ್ದಿದ್ದವು. ಬೋಳು ನೆಲದ ಮೇಲೆ ಮತ್ತೆ ಮಳೆ ಬಂದಾಗ ನೀರಿಗೆ ತಡೆಯೇ ಇರಲಿಲ್ಲ. ಬೀವರ್‌ಗಳ ಒಡ್ಡುಗಳೂ ಇರಲಿಲ್ಲ. ಎತ್ತಿನ ಗಾಡಿಯ ಜಾಡು, ಕಾಲುವೆ ತೋಡಿದ ಗುರುತು, ದನದ ಕಾಲುದಾರಿ, ಎಲ್ಲಿ ಸಿಕ್ಕಿತೋ ಅಲ್ಲಿ ನೀರು ಕೊರೆಯಿತು. ಕೊರಕಲಿನ ತಲೆ ವರ್ಷವರ್ಷವೂ ಹಳ್ಳದ ಮೇಲುಗಡೆಗೆ ಹತ್ತಿತು. ಜೌಗು ಸೋರಿ ಬರಿದಾಯಿತು.

ದನಗಳೊಂದನ್ನೇ ದೂರುವವರಿದ್ದಾರೆ. ನಾನೂ ಮೊದಲು ಹಾಗೆಯೇ ಎಣಿಸಿದ್ದೆ. ಆದರೆ ಅದೇ ಮಣ್ಣಿನ ಗೋಡೆಗಳನ್ನು ಓದಿದವರು ಹೇಳುವುದು ಬೇರೆ: ದನಗಳ ಹೆಸರೇ ಇಲ್ಲದ ಸಾವಿರಾರು ವರ್ಷಗಳಲ್ಲಿ ಈ ಕಣಿವೆಯ ಹಳ್ಳಗಳು ಹಲವು ಸಲ ಕೊರೆದಿವೆ, ಹಲವು ಸಲ ಹೂಳು ತುಂಬಿ ಮೇಲೆದ್ದಿವೆ. ಸ್ಯಾನ್ ಪೆಡ್ರೋ ಸೇರುವ ಒಂದು ಸಣ್ಣ ಸರುವಿನಲ್ಲಿ, ಮರ‍್ರೆ ಸ್ಪ್ರಿಂಗ್ಸ್ ಎಂಬ ಜಾಗದಲ್ಲಿ, 1960ರ ದಶಕದಲ್ಲಿ ವ್ಯಾನ್ಸ್ ಹೇನ್ಸ್ ಮತ್ತು ಅವರ ಜೊತೆಗಾರರು ಉತ್ಖನನ ಮಾಡಿದರು. ಸುಮಾರು 12,800 ವರ್ಷ ಹಳೆಯ ಒಂದು ಕಪ್ಪು ಪದರ ಅಲ್ಲಿದೆ. ಅದರ ಅಡಿಯಲ್ಲೇ ಮ್ಯಾಮತ್ ಆನೆಯ ಎಲುಬುಗಳು, ಕ್ಲೋವಿಸ್ ಎಂದು ಕರೆಯುವ ಆ ಕಾಲದ ಬೇಟೆಗಾರ ಜನರ ಕಲ್ಲಿನ ಭರ್ಜಿಮೊನೆಗಳು, ಆನೆಯ ಹೆಜ್ಜೆಗುರುತುಗಳು. ಇವೆಲ್ಲ ಬೆಳಕಿಗೆ ಬಂದದ್ದು ಕೊರಕಲು ಬಿದ್ದದ್ದರಿಂದಲೇ. ಹಾಗಾಗಿ ಮನುಷ್ಯನಿಗೆ ಈ ಕೊರೆತದಲ್ಲಿ ಪಾಲಿದೆ, ದೊಡ್ಡ ಪಾಲೇ ಇದೆ ಎಂಬುದು ನನ್ನ ತಿಳಿವಳಿಕೆ. ಪೂರ್ತಿ ಪಾಲಿದೆ ಎನ್ನಲಾರೆ.

ಈಗ ಕಾಡಿನ ಹುಟ್ಟಿಗೆ ಬರೋಣ. ಕಾಟನ್‌ವುಡ್ ಬೀಜಕ್ಕೆ ಆಯುಸ್ಸು ಕೆಲವೇ ವಾರ. ವಸಂತದಲ್ಲಿ ಹಾರುತ್ತದೆ, ಬಿದ್ದ ಜಾಗ ಬೋಳಾಗಿರಬೇಕು, ಒದ್ದೆಯಾಗಿರಬೇಕು, ಬಿಸಿಲು ಬೀಳಬೇಕು. ಹುಲ್ಲಿನ ಜಮಖಾನೆಯ ಮೇಲೆ ಬಿದ್ದರೆ ಮುಗಿಯಿತು. ಮೊಳೆತ ಮೇಲೆ ನೆಲದೊಳಗಿನ ನೀರು ಇಳಿಯುತ್ತ ಹೋದ ಹಾಗೆ ಬೇರು ಅದನ್ನು ಬೆನ್ನಟ್ಟಬೇಕು. ದಿನಕ್ಕೆ ಎರಡು-ಮೂರು ಸೆಂ.ಮೀ. ಇಳಿದರೆ ಸಸಿ ತಾಳುತ್ತದೆ, ಅದಕ್ಕಿಂತ ಬಹಳ ಬೇಗ ಇಳಿದರೆ ಒಣಗುತ್ತದೆ. ಅಂದರೆ ಈ ಮರಕ್ಕೆ ನೆರೆ ಬೇಕು. ಹೊಸ ಮರಳು ಹಾಸಿ, ಮೆಲ್ಲಗೆ ಹಿಂದೆ ಸರಿಯುವ ನೆರೆ. ಹಳೆಯ ಜೌಗಿನಲ್ಲಿ ಅಂಥ ಬೋಳು ಮರಳು ಅಪರೂಪವಾಗಿತ್ತು. ಕೊರಕಲು ಬಿದ್ದ ಮೇಲೆ ನೆರೆಗಳು ಆ ಗೋಡೆಗಳನ್ನು ಬಡಿದು ಬಡಿದು ಪಾತ್ರವನ್ನು ಅಗಲ ಮಾಡಿದವು. 1926ರ ಸೆಪ್ಟೆಂಬರಿನಲ್ಲಿ ಚಾರ್ಲ್ಸ್‌ಟನ್ ಬಳಿ ಸೆಕೆಂಡಿಗೆ ಸುಮಾರು 2,775 ಘನ ಮೀಟರ್ ನೀರು ಬಂತು; ನಾನು ಪಾದ ಅದ್ದಿದ ಹಳ್ಳ ಅದೇ ಎಂದರೆ ನಂಬುವುದು ಕಷ್ಟ. 1950ರ ದಶಕದ ನಡುವಿನವರೆಗೆ ಅಗಲವಾಗುತ್ತ ಹೋದ ಪಾತ್ರ ಆಮೇಲೆ ನಿಂತಿತು. ಕೊರಕಲಿನ ತಳದಲ್ಲಿ ಹೊಸ ಮರಳಿನ ಬಯಲೊಂದು ಸಿದ್ಧವಾಗಿತ್ತು. ಅಲ್ಲಿ, 1960ರ ದಶಕದಿಂದೀಚೆಗೆ ದಟ್ಟವಾಗಿ, ಸಾಲು ಸಾಲಾಗಿ ಕಾಟನ್‌ವುಡ್, ವಿಲ್ಲೋಗಳೆದ್ದವು. ಕಾಡಿನೊಳಗೆ ನಡೆದರೆ ಸಾಲುಗಳು ಕಾಣುತ್ತವೆ: ಒಂದೊಂದು ನೆರೆಗೆ ಒಂದೊಂದು ಸಾಲು, ಒಂದೇ ವಯಸ್ಸಿನ ಅಣ್ಣ-ತಮ್ಮಂದಿರ ಹಾಗೆ.

ನಾನು ಆದಿಕಾಲದ್ದೆಂದು ಕೈಮುಗಿದ ಕಾಡಿನ ಬಹುಪಾಲು ಮರಗಳು ನನಗಿಂತ ಚಿಕ್ಕವು. ಅಂಗಳದ ಆ ಹೆಮ್ಮರವೂ ಶತಮಾನ ದಾಟಿದ್ದು ಅಷ್ಟೇ. ನೆಲಕ್ಕೆ ಆದ ಗಾಯದೊಳಗೆ ಬೆಳೆದ ಕಾಡು ಅದು.

ಇದನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಟ್ಟದ್ದು ಫೋಟೋಗಳು. 1890ರ ದಶಕದಲ್ಲಿ ಅಮೆರಿಕ-ಮೆಕ್ಸಿಕೋ ಗಡಿಕಲ್ಲುಗಳನ್ನು ನೆಡುವಾಗ ಪ್ರತಿ ಕಲ್ಲಿನ ಬಳಿ ಫೋಟೋ ತೆಗೆದಿದ್ದರು. ಗಡಿಯ ದಾಖಲೆಗೆಂದು ತೆಗೆದ ಆ ಚಿತ್ರಗಳ ಹಿನ್ನೆಲೆಯಲ್ಲಿ ಗಿಡ, ಹುಲ್ಲು, ಹಳ್ಳ ತಾವಾಗಿಯೇ ಸೇರಿಕೊಂಡಿದ್ದವು. ರಾಬರ್ಟ್ ಹಂಫ್ರಿ ಎಂಬ ಸಸ್ಯವಿಜ್ಞಾನಿ ತೊಂಬತ್ತು ವರ್ಷದ ನಂತರ ಅದೇ ಜಾಗಗಳಲ್ಲಿ ಕ್ಯಾಮೆರಾ ಇಟ್ಟರು. ಟೂಸಾನ್ ನಗರದ ಟುಮಮಾಕ್ ಗುಡ್ಡದ ಮೇಲೆ 1903ರಲ್ಲಿ ಶುರುವಾದ ಮರುಭೂಮಿ ಪ್ರಯೋಗಶಾಲೆಯಿದೆ. ಅಲ್ಲಿಂದ ರೇಮಂಡ್ ಟರ್ನರ್ ಇದನ್ನೇ ಜೀವಮಾನದ ಕೆಲಸ ಮಾಡಿಕೊಂಡರು. ರಾಡ್ನಿ ಹೇಸ್ಟಿಂಗ್ಸ್ ಜೊತೆ ಅವರು 1965ರಲ್ಲಿ ತಂದ ‘ದ ಚೇಂಜಿಂಗ್ ಮೈಲ್’, ಮುಂದೆ ರಾಬರ್ಟ್ ವೆಬ್, ಸ್ಟ್ಯಾನ್ಲಿ ಲೀಕ್ ಜೊತೆ 2007ರಲ್ಲಿ ತಂದ ‘ದ ರಿಬ್ಬನ್ ಆಫ್ ಗ್ರೀನ್’, ಇವೆರಡೂ ಜೋಡಿ ಚಿತ್ರಗಳ ಪುಸ್ತಕಗಳು. ಹಳೆಯ ಚಿತ್ರದಲ್ಲಿರುವ ಬಂಡೆಯ ಬಿರುಕು, ಬೆಟ್ಟದ ಅಂಚು, ನೆರಳಿನ ಕೋನ ಹೊಂದಿಸಿಕೊಂಡು, ಆ ಹಿಂದಿನವನು ನಿಂತ ಜಾಗವನ್ನೇ ಹುಡುಕಿ ನಿಲ್ಲಬೇಕು. ದಂಡೆಯ ಕಾಡುಗಳಲ್ಲಿ ನೂರಕ್ಕೆ ತೊಂಬತ್ತು ನಾಶವಾಗಿದೆ ಎಂಬ ಮಾತು ಆ ದೇಶದಲ್ಲಿ ಬಾಯಿಂದ ಬಾಯಿಗೆ ದಾಟುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಹಲವು ಹಳ್ಳಗಳ ದಂಡೆಯಲ್ಲಿ ಮರ ಹೆಚ್ಚಾಗಿದೆ ಎಂದು ಈ ಚಿತ್ರಗಳು ತೋರಿಸಿದವು. ಕೇಳಲು ಸಂತೋಷದ ಸುದ್ದಿ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಆದರೆ ಕ್ಯಾಮೆರಾ ಬರುವ ಹೊತ್ತಿಗೆ ಜೌಗು ಆಗಲೇ ಹೋಗುತ್ತಿತ್ತು. ಹೆಚ್ಚಾದ ಮರ ಚಿತ್ರದಲ್ಲಿ ಸಿಕ್ಕಿತು, ಹೋದ ಜೊಂಡು ಬಹಳ ಮಟ್ಟಿಗೆ ಸಿಗಲಿಲ್ಲ.

ಎಲ್ಲ ಜೋಡಿ ಚಿತ್ರಗಳೂ ಹಸಿರಾಗಿಲ್ಲ. ಟೂಸಾನ್ ಪಕ್ಕದ ಸಾಂಟಾ ಕ್ರೂಸ್ ಹಳ್ಳವನ್ನು ಮಾರ್ಟಿನೆಜ್ ಗುಡ್ಡದ ಮೇಲಿಂದ ತೆಗೆದ ಚಿತ್ರಗಳನ್ನು ನೋಡಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. 1942ರದ್ದರಲ್ಲಿ ದಟ್ಟ ಮೆಸ್ಕೀಟ್ ಕಾಡು. 1989ರದ್ದರಲ್ಲಿ ಬರೀ ಮಣ್ಣು. ಅಲ್ಲಿ ಕೊಡಲಿಗಿಂತ ಹೆಚ್ಚು ಕೆಲಸ ಮಾಡಿದ್ದು ಪಂಪು. ಮೆಸ್ಕೀಟ್‌ನ ಬೇರು ಎಷ್ಟು ಆಳ ಹೋಗಬಲ್ಲದೆಂದರೆ, ಟೂಸಾನ್ ಹತ್ತಿರದ ತೆರೆದ ಗಣಿಯೊಂದರಲ್ಲಿ 53 ಮೀಟರ್ ಕೆಳಗೆ ಅದು ಸಿಕ್ಕಿದ್ದುಂಟು. ಅಂಥ ಮರವೂ ಅಂತರ್ಜಲದ ಬೆನ್ನಟ್ಟಿ ಸೋತಿತು.

ಈ ಮೆಸ್ಕೀಟ್ ಯಾರೆಂದು ನಿಮಗೆ ಗೊತ್ತು. ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಪ್ರೊಸೋಪಿಸ್ ಎಂಬ ಒಂದೇ ಕುಲ, ಜಾತಿ ಬೇರೆ. ಬಳ್ಳಾರಿ ಜಾಲಿಯ ಬೀಜ 1870ರ ದಶಕದಲ್ಲಿ ಅಮೆರಿಕ ಖಂಡದಿಂದ ನಮ್ಮ ನೆರೆಯ ಕಡಪ ಸೀಮೆಗೆ ಸೌದೆಯ ಆಸೆಯಿಂದ ಬಂತು. ಇವತ್ತು ಕೆರೆಯಂಗಳ, ಹಳ್ಳದ ದಂಡೆ, ಬೀಳು ಹೊಲ ಎಲ್ಲ ಅದರದ್ದೇ. ಅದರ ಮುಳ್ಳು ತುಳಿದೇ ದೊಡ್ಡವನಾದ ನಾನು, ಅಲ್ಲಿ ಮೆಸ್ಕೀಟ್ ತೋಪು ಸತ್ತದ್ದಕ್ಕೆ ಜನ ಕಣ್ಣೀರಿಡುವುದನ್ನು ಕಂಡಾಗ ಮೊದಲು ದಿಗ್ಭ್ರಮೆಗೊಂಡೆ. ಆಮೇಲೆ ತೋಪಿನ ನೆರಳಿನಲ್ಲಿ ನಡೆದೆ. ಅಲ್ಲಿ ಅದು ಮನೆಯ ಮರ. ಅದರ ಸಿಹಿ ಕಾಯನ್ನು ಬೀಸಿ ಅಲ್ಲಿಯ ಮೂಲನಿವಾಸಿಗಳಾದ ಓಡಮ್ ಜನರು ತಲೆತಲಾಂತರದಿಂದ ಹಿಟ್ಟು ಮಾಡಿ ಉಂಡಿದ್ದಾರೆ.

ಅಲ್ಲಿಯ ಬಳ್ಳಾರಿ ಜಾಲಿ ಯಾವುದೆಂದರೆ ಟ್ಯಾಮರಿಸ್ಕ್. ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ಜಗತ್ತಿನಿಂದ ಅಲಂಕಾರಕ್ಕೆಂದು ತಂದದ್ದು, ಮುಂದೆ ಮಣ್ಣು ಕೊಚ್ಚಿಹೋಗದಂತೆ ದಂಡೆಗಳಲ್ಲಿ ನೆಟ್ಟದ್ದು. ಒಂದು ಮರ ದಿನಕ್ಕೆ 200 ಗ್ಯಾಲನ್, ಅಂದರೆ 750 ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ ಎಂದು ಅದರ ಮೇಲೆ ಅಪವಾದ. ಅಳೆದು ನೋಡಿದಾಗ ಆ ಲೆಕ್ಕ ನಿಲ್ಲಲಿಲ್ಲ. ಕಾಟನ್‌ವುಡ್ ಕುಡಿಯುವುದಕ್ಕಿಂತ ಅದು ಬಹಳ ಹೆಚ್ಚೇನೂ ಕುಡಿಯುವುದಿಲ್ಲ. ಅದನ್ನು ತಿನ್ನಲೆಂದು 2001ರಿಂದ ಒಂದು ಜಾತಿಯ ಎಲೆದುಂಬಿಯನ್ನು ಪಶ್ಚಿಮದ ಹಲವು ಕಡೆ ಬಿಟ್ಟರು. ಆದರೆ ಅಳಿವಿನಂಚಿನ ಒಂದು ಪುಟ್ಟ ನೊಣಹಿಡುಕ ಹಕ್ಕಿ ಆ ಹೊತ್ತಿಗೆ ಟ್ಯಾಮರಿಸ್ಕ್‌ನಲ್ಲೇ ಗೂಡು ಕಟ್ಟಲು ಕಲಿತಿತ್ತು; 2010ರಲ್ಲಿ ಸರ್ಕಾರ ದುಂಬಿ ಬಿಡುವುದನ್ನು ನಿಲ್ಲಿಸಿತು. ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಜೂಲಿಯೆಟ್ ಸ್ಟ್ರಾಂಬರ್ಗ್ ಮತ್ತು ಅವರ ಬಳಗ ಸ್ಯಾನ್ ಪೆಡ್ರೋ ಉದ್ದಕ್ಕೂ ಅಳೆದು ಕಂಡುಕೊಂಡದ್ದು ಹೀಗೆ: ನೂರು ದಿನದಲ್ಲಿ ಎಪ್ಪತ್ತಾರಕ್ಕಿಂತ ಹೆಚ್ಚು ದಿನ ಹಳ್ಳದಲ್ಲಿ ನೀರಿದ್ದು, ಅಂತರ್ಜಲ 2.6 ಮೀಟರಿಗಿಂತ ಕೆಳಗಿಳಿಯದೆ, ವರ್ಷದಿಂದ ವರ್ಷಕ್ಕೆ ಅರ್ಧ ಮೀಟರಿಗಿಂತ ಹೆಚ್ಚು ಏರಿಳಿಯದೆ ಇದ್ದ ಕಡೆ ಕಾಟನ್‌ವುಡ್, ವಿಲ್ಲೋಗಳದ್ದೇ ಮೇಲುಗೈ. ಅದು ತಪ್ಪಿದ ಕಡೆ ಟ್ಯಾಮರಿಸ್ಕ್. ನೀರು ಮೊದಲು ಕೆಳಗಿಳಿಯಿತು, ಪರದೇಶಿ ಗಿಡ ಆಮೇಲೆ ಬಂತು. ನಮ್ಮ ಜಾಲಿಯ ಬಗ್ಗೆಯೂ ಈ ದಿಕ್ಕಿನಿಂದ ಯಾರಾದರೂ ಅಳೆದು ನೋಡಬೇಕೆಂದು ನನ್ನ ಬಲವಾದ ಆಸೆ.

ಅಮೆರಿಕದ ಸಂಸತ್ತು 1988ರಲ್ಲಿ ಹಳ್ಳದ ಸುಮಾರು 64 ಕಿ.ಮೀ. ಉದ್ದವನ್ನು ದಂಡೆಯ ಸಂರಕ್ಷಣಾ ಪ್ರದೇಶವೆಂದು ಘೋಷಿಸಿತು. ಆ ಬಗೆಯ ಪ್ರದೇಶಗಳಲ್ಲಿ ಇದೇ ಮೊದಲನೆಯದು. ಅದರ ಹಿಂದಿನ ವರ್ಷದ ಕೊನೆಯಲ್ಲಿ ದನಗಳನ್ನು ಹೊರಗೆ ಹಾಕಿದರು. ಕೆಲವೇ ವರ್ಷಗಳಲ್ಲಿ ನೆಲದ ಹುಲ್ಲು-ಸೊಪ್ಪು ನಾಲ್ಕರಿಂದ ಆರು ಪಟ್ಟು ಹೆಚ್ಚಿತು, ಹಲವು ಹಾಡುಹಕ್ಕಿಗಳ ಸಂಖ್ಯೆ ಏರಿತು. 1999ರಿಂದ ಬೀವರ್‌ಗಳನ್ನೂ ತಂದುಬಿಟ್ಟರು. ಅವು ಒಡ್ಡು ಕಟ್ಟಿದವು, ನೆರೆ ಒಡೆಯಿತು, ಮತ್ತೆ ಕಟ್ಟಿದವು. ಇವೆಲ್ಲ ಒಳ್ಳೆಯ ಕೆಲಸಗಳು, ಮನಸಾರೆ ಮೆಚ್ಚುತ್ತೇನೆ. ಆದರೆ ಬೇಲಿ ಹಾಕಿದ್ದು ನೆಲಕ್ಕೆ. ನೆಲದಡಿಯ ನೀರಿಗೆ ಬೇಲಿಯಿಲ್ಲ. ಪಶ್ಚಿಮಕ್ಕೆ ವಾಚೂಕಾ ಬೆಟ್ಟಸಾಲು, ಅದರ ಬುಡದಲ್ಲಿ ಸೇನಾ ಠಾಣೆ, ಸಿಯೆರಾ ವಿಸ್ಟಾ ಊರು, ಕೊಳವೆಬಾವಿಗಳು. ಬೆಟ್ಟದಲ್ಲಿ ಇಂಗಿ ಹಳ್ಳದ ಕಡೆ ಹೊರಟ ನೀರನ್ನು ಅವು ನಡುದಾರಿಯಲ್ಲೇ ಎತ್ತಿಕೊಳ್ಳುತ್ತವೆ. ಅರಿಜೋನಾದ ಕಾನೂನು ಹರಿಯುವ ನೀರನ್ನೂ ಅಂತರ್ಜಲವನ್ನೂ ಎರಡು ಬೇರೆ ವಸ್ತುಗಳೆಂದು ನೋಡುತ್ತ ಬಂದಿದೆ. ಕಾಟನ್‌ವುಡ್ ಬೇರಿಗೆ ಆ ಭೇದ ಗೊತ್ತಿಲ್ಲ. 2005ರ ಜುಲೈನಲ್ಲಿ ಚಾರ್ಲ್ಸ್‌ಟನ್ ಮಾಪನ ಕೇಂದ್ರದಲ್ಲಿ ದಾಖಲೆಯ ಇತಿಹಾಸದಲ್ಲೇ ಮೊದಲ ಬಾರಿಗೆ ಹರಿವು ಸೊನ್ನೆಯಾಯಿತು.

ಹಾಗಾದರೆ ಹಳ್ಳವನ್ನು ಯಾವ ಇಸವಿಗೆ ಮರಳಿಸಬೇಕು? ಪ್ಯಾಟಿ ಕಂಡ ಬೀವರ್ ಹಳ್ಳಕ್ಕೋ, 1926ರ ಬೋಳು ಮರಳಿಗೋ, ನಾನು ಕಂಡ ಹೊನ್ನೆಲೆಯ ಕಾಡಿಗೋ? ಜೌಗು ಪೂರ್ತಿ ಮರಳಿದರೆ ಈ ಕಾಡಿನ ಬಹಳಷ್ಟು ಹೋಗುತ್ತದೆ. ನೆರೆ ತಗ್ಗಿದರೆ ಮುದಿ ಕಾಟನ್‌ವುಡ್‌ಗಳ ಜಾಗಕ್ಕೆ ಎಳೆಯವು ಬರುವುದಿಲ್ಲ, ಮೆಸ್ಕೀಟ್ ಬರುತ್ತದೆ. ಇಸವಿ ಆರಿಸುವುದು ನಮ್ಮ ಕೆಲಸವಲ್ಲ, ನೀರನ್ನು ಬೇರಿಗೆ ಎಟಕುವ ಆಳದಲ್ಲಿ ಉಳಿಸುವುದಷ್ಟೇ ನಮ್ಮ ಕೈಲಾಗುವುದು ಎಂದು ಈಗ ನಂಬುತ್ತೇನೆ. ಆ ಆಳ ಉಳಿದರೆ ಜೊಂಡೋ ಮರವೋ ಹಳ್ಳವೇ ಬೆಳೆಸಿಕೊಳ್ಳುತ್ತದೆ.

ಎರಡನೆಯ ಸಲ ಹೋದದ್ದು ಜೂನಿನಲ್ಲಿ. 1999ರಿಂದ ಪ್ರತಿ ವರ್ಷ ಜೂನ್ ಮೂರನೆಯ ಶನಿವಾರದ ಆಸುಪಾಸು, ಮಳೆಗೆ ಮುಂಚಿನ ಕಡು ಬೇಸಿಗೆಯಲ್ಲಿ, ಊರವರೂ ವಿಜ್ಞಾನಿಗಳೂ ಸೇರಿ ಹಳ್ಳದ ಉದ್ದಕ್ಕೂ ನಡೆಯುತ್ತಾರೆ. ಎಲ್ಲಿ ನೀರು ಮುಗಿಯಿತು, ಎಲ್ಲಿ ಮತ್ತೆ ಶುರುವಾಯಿತು ಎಂದು ಗುರುತು ಹಾಕಿಕೊಳ್ಳುವುದೇ ಕೆಲಸ. ಮಗಳ ಜೊತೆ ನಾನೂ ನಡೆದೆ. ಮಧ್ಯಾಹ್ನ ನಾಲ್ಕಕ್ಕೆ ನಮ್ಮ ಪಾಲಿನ ಕೊನೆಯ ಮಡುವಿನ ಕೆಳಗೆ ನೀರು ಉಸುಕಿನಲ್ಲಿ ಇಂಗಿ ನಿಂತಿತ್ತು. ಆ ಅಂಚಿಗೆ ಸರಿಯಾಗಿ ಒಂದು ವಿಲ್ಲೋ ಕಡ್ಡಿ ಚುಚ್ಚಿ ಬಂದೆ. ಹಗಲೆಲ್ಲ ಮರಗಳು ಬೇರಿನಿಂದ ನೀರೆಳೆದು ಎಲೆಗಳಿಂದ ಬಿಡುತ್ತವೆ, ಹಳ್ಳ ಸಣ್ಣಗಾಗುತ್ತದೆ. ಕತ್ತಲಾದ ಮೇಲೆ ಎಲೆಯ ರಂಧ್ರಗಳು ಮುಚ್ಚುತ್ತವೆ. ಮರುದಿನ ಬೆಳಕು ಹರಿಯುವ ಮುಂಚೆ ಮಗಳನ್ನು ಎಬ್ಬಿಸಿಕೊಂಡು ಹೋಗಿ ಟಾರ್ಚು ಹಾಕಿ ನೋಡಿದೆ. ಕಡ್ಡಿ ನೀರಿನೊಳಗಿತ್ತು. ಅದರಿಂದ ಕೆಳಗೆ ನಾನು ಹನ್ನೊಂದು ಹೆಜ್ಜೆ ಎಣಿಸಿದೆ, ಒದ್ದೆ ಮುಗಿಯುವವರೆಗೆ.